ಹಳ್ಳಕ್ಕೊಂದು ಸಂಕ

ವಿದ್ಯಾರ್ಥಿ ಮಿತ್ರರೇ, ನೀವು ಮದಕರಿಪುರದವರೋ ಹಿರಿಯೂರು, ಹೊಸದುರ್ಗದ ಕಡೆಯವರೋ ಆಗಿದ್ದರೆ, ಹಳ್ಳ ದಾಟಲು ಸೇತುವೆ ಏಕೆ ಎಂದು ಕೇಳಬಹುದು. ಬಯಲುಸೀಮೆಯ ಹಳ್ಳಗಳು ವರ್ಷದ ಬಹುಪಾಲು ಒಣಗಿಯೇ ಇರುತ್ತವೆ. ಮರಳಿನ ಮೇಲೆ ನಡೆದು ದಾಟಿದರಾಯಿತು. ಆದರೆ ಪಶ್ಚಿಮಕ್ಕೆ ಸಾಗಿ ಮಲೆನಾಡು, ಕರಾವಳಿಗಳನ್ನು ನೋಡಿ. ಅಲ್ಲಿ ಮಳೆಗಾಲದಲ್ಲಿ ಹಿತ್ತಿಲ ಹಳ್ಳವೂ ತುಂಬಿ ಹರಿಯುತ್ತದೆ. ಮನೆಗೂ ಗದ್ದೆಗೂ, ಮನೆಗೂ ಶಾಲೆಗೂ ನಡುವೆ ನೀರು. ಅದನ್ನು ದಾಟಲು ಜನರು ಕಂಡುಕೊಂಡ ಉಪಾಯವೇ ಕಾಲುಸಂಕ.

‘ಸಂಕ’ ಎಂಬುದು ಸಂಸ್ಕೃತದ ‘ಸಂಕ್ರಮ’ದ ತದ್ಭವ, ದಾಟುವಿಕೆ, ಸೇತುವೆ ಎಂದು ಅರ್ಥ. ಎರಡು ಮೂರು ಅಡಿಕೆ ಮರಗಳನ್ನು ದಡದಿಂದ ದಡಕ್ಕೆ ಜೋಡಿಸಿ, ಬಳ್ಳಿಯಿಂದ ಬಿಗಿದು, ಕೈಯಾಸರೆಗೆ ಒಂದು ಬಿದಿರು ಕಟ್ಟಿದರೆ ಸಂಕ ಸಿದ್ಧ. ಅದು ತೋಟದ್ದೇ ಒಂದು ಭಾಗದಂತೆ ಕಾಣುತ್ತದೆ. ಆದರೆ ಮರ ನೆನೆದರೆ ಪಾಚಿ ಕಟ್ಟುತ್ತದೆ, ಕ್ರಮೇಣ ಕೊಳೆಯುತ್ತದೆ. ಆದ್ದರಿಂದ ಮಳೆಗೆ ಮುನ್ನ ನೆರೆಹೊರೆಯವರು ಸೇರಿ ಹೊಸ ಮರ ಹಾಕಬೇಕು.

ಚರಿತ್ರೆಯ ಪುಸ್ತಕಗಳಲ್ಲಿ ಸ್ಥಾನ ಪಡೆದಿರುವುದು ದೊಡ್ಡ ಸೇತುವೆಗಳು. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ, ಶ್ರೀರಂಗಪಟ್ಟಣದ ಬಳಿ ಕಾವೇರಿಗೆ ಕಲ್ಲುಕಂಬಗಳ ಮೇಲೆ ಕಟ್ಟಿದ ಸೇತುವೆಗೆ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರಿಟ್ಟರು. ಸಂಕ ಹಾಕಿದವರ ಹೆಸರನ್ನು ಯಾರು ಬರೆದಿಟ್ಟರು? ಸಂಕವೇ ಕೆಲವು ಮಳೆಗಾಲಗಳಲ್ಲಿ ಮಣ್ಣಾಗುತ್ತಿತ್ತಲ್ಲವೆ!

ಈ ಕಥೆಗೆ ಒಂದು ತಿರುವು ಬಂದದ್ದು 1989ರಲ್ಲಿ. ಸುಳ್ಯದ ಎಂಜಿನಿಯರ್ ಗಿರೀಶ್ ಭಾರದ್ವಾಜ್ ಅವರು ಅರಂಬೂರಿನಲ್ಲಿ ಪಯಸ್ವಿನಿ ನದಿಗೆ ತೂಗುಸೇತುವೆ ನಿರ್ಮಿಸಿದರು. ಉಕ್ಕಿನ ಹಗ್ಗಗಳಿಂದ ತೂಗುವ ಇಂಥ ಸೇತುವೆಗೆ ನೀರಿನ ನಡುವೆ ಕಂಬ ಬೇಕಿಲ್ಲ. ಪ್ರವಾಹದಲ್ಲಿ ತೇಲಿಬರುವ ದಿಮ್ಮಿಗಳು ಬಡಿಯುವ ಭಯ ಕಡಿಮೆ. ಅವರು ಹಲವು ರಾಜ್ಯಗಳಲ್ಲಿ ನೂರಕ್ಕೂ ಹೆಚ್ಚು ಕಾಲುಸೇತುವೆಗಳನ್ನು ಕಟ್ಟಿದರು. 2017ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ಆದರೂ ಎಲ್ಲ ಹಳ್ಳಗಳಿಗೂ ಭದ್ರ ಸೇತುವೆ ಬಂದಿರಲಿಲ್ಲ. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮನೆಗೆ ಮರಳುತ್ತಿದ್ದ ಪುಟ್ಟ ಬಾಲಕಿಯೊಬ್ಬಳು ಕಾಲುಸಂಕದಿಂದ ಜಾರಿ ಬಿದ್ದು ನೀರುಪಾಲಾದಳು. ಚಿತ್ರದಲ್ಲಿ ಸೊಗಸಾಗಿ ಕಾಣುವ ಅದೇ ಸಂಕ, ಪುಸ್ತಕದ ಚೀಲ ಹೊತ್ತ ಮಗುವಿಗೆ ದಿನನಿತ್ಯದ ಪರೀಕ್ಷೆ.

ಆದ್ದರಿಂದ ಮಿತ್ರರೇ, ಮುಂದೆ ಎಲ್ಲಿಯಾದರೂ ಸಂಕವನ್ನು ಕಂಡಾಗ ಅದರ ಚೆಲುವನ್ನು ಮೆಚ್ಚಿ. ಜೊತೆಗೆ ಎರಡು ಪ್ರಶ್ನೆ ಕೇಳಿ: ಇದನ್ನು ಹಾಕಿದವರು ಯಾರು? ಇದರ ಮೇಲೆ ದಿನವೂ ನಡೆಯುವವರು ಯಾರು? ಸೇತುವೆಯ ನಿಜವಾದ ಚರಿತ್ರೆ ಆ ಉತ್ತರಗಳಲ್ಲಿದೆ.