ಡೈನಮೋ ಹೋಗಿ ಆಲ್ಟರ್ನೇಟರ್ ಬಂದದ್ದು

ಹಳೆಯ ಅಂಬಾಸಡರ್, ಪ್ರೀಮಿಯರ್ ಪದ್ಮಿನಿ, ಜೀಪುಗಳಲ್ಲಿ ಬ್ಯಾಟರಿಗೆ ಚಾರ್ಜ್ ಕೊಡುತ್ತಿದ್ದುದು ಡೈನಮೋ. ಎಂಜಿನ್ ಜೋರಾಗಿ ತಿರುಗಿದರೆ ಮಾತ್ರ ಅದರಿಂದ ಸಾಕಷ್ಟು ಕರೆಂಟು. ಎಂಜಿನ್ ನಿಧಾನವಾದಾಗ ಬ್ಯಾಟರಿಯ ಕರೆಂಟು ಡೈನಮೋಗೇ ವಾಪಸ್ ಹರಿಯದಂತೆ ತಡೆಯಲು ಕಟೌಟ್ ಬೇಕಿತ್ತು. ಹಾಸನ ಸೀಮೆಯಲ್ಲಿ ಈ ಕೊರತೆ ಬಯಲಾಗುತ್ತಿದ್ದುದು ಮಳೆಗಾಲದಲ್ಲಿ. ಬೆಂಗಳೂರು–ಮಂಗಳೂರು ಹೆದ್ದಾರಿ ಚನ್ನರಾಯಪಟ್ಟಣ, ಹಾಸನ, ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುತ್ತದೆ. ಹೆಡ್‌ಲೈಟು, ವೈಪರ್ ಎರಡನ್ನೂ ಹಾಕಿಕೊಂಡು ಸಾಲಿನಲ್ಲಿ ತೆವಳುವ ಗಾಡಿಗೆ ಚಾರ್ಜಿಗಿಂತ ಖರ್ಚೇ ಹೆಚ್ಚು. ಮರುದಿನ ಹ್ಯಾಂಡಲ್ ಹಾಕಬೇಕು, ಇಲ್ಲವೇ ನಾಲ್ಕು ಜನ ತಳ್ಳಬೇಕು.

ಆಟೋ ಎಲೆಕ್ಟ್ರೀಷಿಯನ್ನನ ಕಸುಬು ಬೆಳೆದದ್ದು ಇಂಥ ರಿಪೇರಿಯ ಮೇಲೆಯೇ. ಹೆದ್ದಾರಿಯ ಊರುಗಳಲ್ಲಿ ಲಾರಿ, ಬಸ್ಸು. ಆಲೂಗಡ್ಡೆ, ಹೊಗೆಸೊಪ್ಪು ಬೆಳೆಯುವ ಅರಕಲಗೂಡು, ಹೊಳೆನರಸೀಪುರದ ಕಡೆ ಟ್ರ್ಯಾಕ್ಟರೂ ಸೇರುತ್ತದೆ. ಕಟೌಟ್ ಡಬ್ಬಿ ಬಿಚ್ಚಿ, ಕಪ್ಪುಗಟ್ಟಿದ ಪಾಯಿಂಟನ್ನು ನಯವಾದ ಎಮೆರಿ ಕಾಗದದಿಂದ ಉಜ್ಜಿ, ಸ್ಪ್ರಿಂಗಿನ ಬಿಗಿ ಸರಿಪಡಿಸುವುದು ಕೈಚಳಕದ ಕೆಲಸ. ದೋಷ ಡೈನಮೋದ್ದೋ ಕಟೌಟಿನದೋ ಎಂದು ತಿಳಿಯಲು ಡೈನಮೋದ ಡಿ ಮತ್ತು ಎಫ್ ಟರ್ಮಿನಲ್‌ಗಳನ್ನು ತಂತಿಯಿಂದ ಜೋಡಿಸಿ, ಎಂಜಿನ್ ವೇಗವನ್ನು ನಿಧಾನವಾಗಿ ಏರಿಸಿ ವೋಲ್ಟ್ ನೋಡುತ್ತಿದ್ದರು. ವೋಲ್ಟ್ ಏರಿದರೆ ಡೈನಮೋ ನೆಟ್ಟಗಿದೆ, ಕಟೌಟನ್ನೋ ವೈರಿಂಗನ್ನೋ ಹುಡುಕಬೇಕು.

ಸಿಲಿಕಾನ್ ಡಯೋಡ್ ಅಗ್ಗವಾದ ಮೇಲೆ ಡೈನಮೋ ಬದಲಿಗೆ ಆಲ್ಟರ್ನೇಟರ್ ಕಾರಿಗೆ ಏರಿತು. ಅಮೆರಿಕದಲ್ಲಿ ಕ್ರೈಸ್ಲರ್ ಕಂಪನಿ 1960ರಲ್ಲೇ ಅದನ್ನು ಕಾರಿಗೆ ಕೂಡಿಸಿತ್ತು. 1961ರಲ್ಲಿ ಮದ್ರಾಸಿನಲ್ಲಿ ಲ್ಯೂಕಾಸ್-ಟಿವಿಎಸ್ ಹುಟ್ಟಿ, ವಾಹನಗಳ ವಿದ್ಯುತ್ ಭಾಗಗಳು ದೇಶದೊಳಗೇ ತಯಾರಾಗತೊಡಗಿದವು. ಕಾರಿನ ಮಟ್ಟಿಗೆ ದೊಡ್ಡ ತಿರುವು 1983ರ ಮಾರುತಿ 800. ಆಲ್ಟರ್ನೇಟರಿನಲ್ಲಿ ಮೂರು ಫೇಸಿನ ಕರೆಂಟನ್ನು ಡಯೋಡುಗಳು ನೇರ ಕರೆಂಟಾಗಿ ಮಾಡುತ್ತವೆ. ವಾಪಸ್ ಹರಿಯದಂತೆಯೂ ಅವೇ ತಡೆಯುತ್ತವೆ. ಕಟೌಟಿಗೆ ಕೆಲಸವೇ ಉಳಿಯಲಿಲ್ಲ. ಗಾಡಿ ನಿಂತು ಎಂಜಿನ್ ಮಾತ್ರ ಓಡುತ್ತಿದ್ದರೂ ಚಾರ್ಜ್ ಸಿಗತೊಡಗಿತು.

ಹಳೆಯ ಅಭ್ಯಾಸಗಳು ಮಾತ್ರ ದುಬಾರಿಯಾದವು. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ವೈರು ಕಳಚಿ, ಗಾಡಿ ಬಂದಾಗದಿದ್ದರೆ ಚಾರ್ಜ್ ಸರಿ ಎನ್ನುವ ಪರೀಕ್ಷೆ ಡೈನಮೋ ಕಾಲದಲ್ಲಿ ನಡೆದುಹೋಗುತ್ತಿತ್ತು. ಆಲ್ಟರ್ನೇಟರಿನಲ್ಲಿ ಅದೇ ಪರೀಕ್ಷೆಗೆ ವೋಲ್ಟ್ ಒಮ್ಮೆಲೇ ಜಿಗಿದು ಡಯೋಡು, ವೋಲ್ಟನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಸುಡುತ್ತವೆ. ಬ್ಯಾಟರಿಯನ್ನು ಉಲ್ಟಾ ಕೂರಿಸಿದರೂ ಅಷ್ಟೇ.

ಆಲ್ಟರ್ನೇಟರಿನ ವೈರಿಂಗ್ ಅಷ್ಟೇನೂ ಕಷ್ಟದ್ದಲ್ಲ. ಅದರ ಬಿ ಪ್ಲಸ್ ಟರ್ಮಿನಲ್‌ನಿಂದ ದಪ್ಪ ವೈರು ಬ್ಯಾಟರಿಗೆ. ಇಗ್ನಿಷನ್ ಕೀಯಿಂದ ಡ್ಯಾಶ್‌ಬೋರ್ಡಿನ ಕೆಂಪು ಬಲ್ಬಿನ ಮೂಲಕ ಇನ್ನೊಂದು ಸಣ್ಣ ವೈರು ಆಲ್ಟರ್ನೇಟರಿಗೆ. ಆ ಬಲ್ಬು ಬರೀ ಸೂಚನೆಗಲ್ಲ, ಆಲ್ಟರ್ನೇಟರಿನೊಳಗೆ ತಿರುಗುವ ರೋಟರಿಗೆ ಮೊದಲ ಕರೆಂಟು ಹೋಗುವುದೇ ಅದರ ಮೂಲಕ. ಹಾಗಾಗಿ ಹಲವು ಗಾಡಿಗಳಲ್ಲಿ ಬಲ್ಬು ಸುಟ್ಟರೆ ಚಾರ್ಜೂ ನಿಲ್ಲುವುದುಂಟು. ಬಲ್ಬು ನೋಡದೆ ಆಲ್ಟರ್ನೇಟರನ್ನೇ ಇಳಿಸುವುದು ದಂಡ. ಪೂರ್ತಿ ಚಾರ್ಜಾದ ಬ್ಯಾಟರಿ ಎಂಜಿನ್ ಬಂದಾಗಿದ್ದಾಗ ಸುಮಾರು 12.6 ವೋಲ್ಟ್, ಓಡುವಾಗ 13.8ರಿಂದ 14.4 ತೋರಿಸಬೇಕು. ಕಡಿಮೆಯಾದರೆ ಫ್ಯಾನ್ ಬೆಲ್ಟ್, ಟರ್ಮಿನಲ್, ಬಾಡಿ ಅರ್ತ್ ನೋಡಿ, ಆಮೇಲೆ ಕಾರ್ಬನ್ ಬ್ರಷ್, ಡಯೋಡಿಗೆ ಕೈ ಹಾಕಬೇಕು. 15 ದಾಟಿದರೆ ಸಾಮಾನ್ಯವಾಗಿ ರೆಗ್ಯುಲೇಟರಿನದೇ ದೋಷ.

ಈಚಿನ ಅನೇಕ ಕಾರುಗಳಲ್ಲಿ ಎಷ್ಟು ಚಾರ್ಜ್ ಬೇಕೆಂದು ನಿರ್ಧರಿಸುವುದು ಎಂಜಿನ್ ಕಂಪ್ಯೂಟರ್. ಅಂಥ ಗಾಡಿಯಲ್ಲಿ ವೋಲ್ಟ್ ತುಸು ಇಳಿದದ್ದು ದೋಷವೇ ಆಗಿರಬೇಕಿಲ್ಲ. ಮಲ್ಟಿಮೀಟರಿನ ಜೊತೆಗೆ ಸ್ಕ್ಯಾನರೂ ಬೇಕಾಗುತ್ತದೆ.