ದನದ ಡಾಕ್ಟ್ರ ಹತ್ರ ಬೆಕ್ಕು ಬಂದಿದ್ದು ಯಾವಾಗ?

ಈ ವಾರದ ಎಪಿಸೋಡ್ ಶುರುವಾಗೋದು ಒಂದು ಬಿಲ್‌ನಿಂದ.

ಕಳೆದ ತಿಂಗಳು ನನ್ನ ಬೆಕ್ಕು ಚಿನ್ನಿ ಎರಡು ದಿನ ಊಟ ಬಿಟ್ಟಿತು. ಬರೀ ನೀರು ಕುಡೀತಿತ್ತು, ಮಂಚದ ಕೆಳಗಿಂದ ಆಚೆ ಬರ್ತಾನೇ ಇರಲಿಲ್ಲ. ಕ್ಲಿನಿಕ್‌ಗೆ ಕರ್ಕೊಂಡು ಹೋದೆ. ಸ್ಕ್ಯಾನ್ ಮಾಡಿದ ಡಾಕ್ಟರ್, ಗರ್ಭಕೋಶದಲ್ಲಿ ಕೀವು ತುಂಬಿದೆ, ಇವತ್ತೇ ಆಪರೇಷನ್ ಆಗ್ಬೇಕು ಅಂದ್ರು. ಇದಕ್ಕೆ ಪಯೋಮೆಟ್ರಾ ಅಂತಾರೆ. ಹಾಗೇ ಬಿಟ್ಟರೆ ವಿಷ ಮೈಯೆಲ್ಲ ಏರಿ ಜೀವ ಹೋಗಬಹುದು. ಎಲ್ಲ ಸೇರಿ ಬಿಲ್ ಆಗಿದ್ದು 14,000 ರೂಪಾಯಿ.

ರಾತ್ರಿ ತಿಪಟೂರಿಗೆ ಫೋನ್ ಮಾಡಿ ಅಪ್ಪನಿಗೆ ಹೇಳಿದೆ.

"ಅದನ್ನ ಎಷ್ಟು ಕೊಟ್ಟು ತಂದಿದ್ದೆ?"

"ದುಡ್ಡು ಕೊಟ್ಟಿಲ್ಲಪ್ಪ. ಪಾರ್ಕಿಂಗ್‌ನಲ್ಲಿ ಸಿಕ್ಕಿದ್ದು."

"ಬಿಟ್ಟಿ ಸಿಕ್ಕಿದ ಬೆಕ್ಕಿಗೆ ಹದಿನಾಲ್ಕು ಸಾವಿರಾನಾ?"

ನಾನು ಬಿ.ಕಾಂ ಓದಿದವನು. ಬ್ಯಾಲೆನ್ಸ್ ಶೀಟ್ ಲೆಕ್ಕದಲ್ಲಿ ನೋಡಿದ್ರೆ ಅಪ್ಪ ಹೇಳಿದ್ದು ಸರಿಯೇ. ಸೊನ್ನೆ ಬೆಲೆಯ ಆಸ್ತಿಗೆ ಯಾರೂ ಇಷ್ಟು ರಿಪೇರಿ ಖರ್ಚು ಹಾಕಲ್ಲ. ಆಮೇಲೆ ಓದ್ತಾ ಹೋದಾಗ ಗೊತ್ತಾಯ್ತು: ಪ್ರಾಣಿಗಳ ವೈದ್ಯಕೀಯ ಬೆಳೆದಿದ್ದೇ ಈ ಲೆಕ್ಕದ ಮೇಲೆ. ನಾಯಿ, ಬೆಕ್ಕು ಆ ಲೆಕ್ಕದ ಪುಸ್ತಕದ ಒಳಗೆ ಬರೋದಕ್ಕೆ ಬಹಳ ಕಾಲ ಕಾಯಬೇಕಾಯ್ತು.

ಇದಕ್ಕೆ ಸಾಕ್ಷಿ ನಮ್ಮ ಭಾಷೇಲೇ ಇದೆ. ಊರ ಕಡೆ ಪಶುವೈದ್ಯರಿಗೆ ಏನಂತೀವಿ? ದನದ ಡಾಕ್ಟ್ರು. ನಾಯಿಗೆ ಹುಷಾರಿಲ್ಲ ಅಂದ್ರೂ ಹೋಗೋದು ದನದ ಆಸ್ಪತ್ರೆಗೇ. ಕನ್ನಡದಲ್ಲಿ ಪಶುವೈದ್ಯದ ಹಳೆಯ ಗ್ರಂಥ ಯಾವುದು ಅಂತ ಹುಡುಕಿದರೆ ಚಾಲುಕ್ಯ ರಾಜಕುಮಾರ ಕೀರ್ತಿವರ್ಮನ ಹೆಸರು ಸಿಗುತ್ತೆ. ಸುಮಾರು 900 ವರ್ಷಗಳ ಹಿಂದೆ ಬರೆದ ಆ ಕೃತಿಯ ಹೆಸರು 'ಗೋವೈದ್ಯ'. ಸಂಸ್ಕೃತಕ್ಕೆ ಹೋದರೆ ಶಾಲಿಹೋತ್ರ ಕುದುರೆಗೆ, ಪಾಲಕಾಪ್ಯ ಆನೆಗೆ. ಉಳುಮೆ, ಹಾಲು, ಯುದ್ಧ. ಕೆಲಸಕ್ಕೆ ಬರುವ ಪ್ರಾಣಿಗೆ ವೈದ್ಯ ಇದ್ದ.

ಯುರೋಪಿನ ಕಥೆಯೂ ಹೀಗೇ. ಜಗತ್ತಿನ ಮೊದಲ ಪಶುವೈದ್ಯಕೀಯ ಶಾಲೆ ಶುರುವಾಗಿದ್ದು ಫ್ರಾನ್ಸಿನ ಲಿಯಾನ್‌ನಲ್ಲಿ, 1761ರಲ್ಲಿ. ಸ್ಥಾಪಿಸಿದ ಕ್ಲಾಡ್ ಬೂರ್ಜೆಲಾ ಕುದುರೆ ಸವಾರಿ ಕಲಿಸುವ ಅಕಾಡೆಮಿಯ ಮುಖ್ಯಸ್ಥ. ಆಗ ದನಗಳ ಪ್ಲೇಗ್ ಯುರೋಪಿನ ಹಟ್ಟಿಗಳನ್ನು ಖಾಲಿ ಮಾಡ್ತಿತ್ತು. ಸರ್ಕಾರಕ್ಕೆ ಚಿಂತೆ ಇದ್ದದ್ದು ದನದ್ದು. 1791ರಲ್ಲಿ ಲಂಡನ್‌ನಲ್ಲಿ ಕಾಲೇಜು ಬಂತು. ಅಲ್ಲಿನ ಗಮನವೂ ಹೆಚ್ಚಾಗಿ ಕುದುರೆ ಮೇಲೇ. 1817ರಲ್ಲಿ ಡೆಲಬೇರ್ ಬ್ಲೇನ್ ನಾಯಿಗಳ ಕಾಯಿಲೆ ಬಗ್ಗೆಯೇ ಒಂದು ಪುಸ್ತಕ ಬರೆದರು. ಅಂಥವರು ತೀರಾ ಕಡಿಮೆ.

ಹಣದ ಜೊತೆಗೆ ಇನ್ನೊಂದು ಅಡ್ಡಿ ಇತ್ತು: ನೋವು. ನಾಯಿಯ ಬಾಯಿಗೆ ಪಟ್ಟಿ ಕಟ್ಟಿ, ನಾಲ್ಕು ಕಾಲು ಹಿಡಿದು, ಎಚ್ಚರ ಇರುವಾಗಲೇ ಕೊಯ್ಯಬೇಕು. ಹೊಟ್ಟೆ ತೆರೆದು ಗರ್ಭಕೋಶ ತೆಗೆಯೋದನ್ನ ಹಾಗೆ ಮಾಡೋಕಾಗುತ್ತಾ? 1846ರ ಅಕ್ಟೋಬರ್‌ನಲ್ಲಿ ಅಮೆರಿಕದ ಬೋಸ್ಟನ್‌ನಲ್ಲಿ ಮನುಷ್ಯರಿಗೆ ಈಥರ್ ಕೊಟ್ಟು ಆಪರೇಷನ್ ಮಾಡಿ ತೋರಿಸಿದರು. ಮರುವರ್ಷವೇ ಎಡಿನ್‌ಬರೋದಲ್ಲಿ ಜೇಮ್ಸ್ ಯಂಗ್ ಸಿಂಪ್ಸನ್ ಕ್ಲೋರೋಫಾರ್ಮ್ ಬಳಸಿದರು. ಸಣ್ಣ ಪ್ರಾಣಿಗೆ ಇದು ಅಷ್ಟು ಸುಲಭ ಇರಲಿಲ್ಲ. ಕ್ಲೋರೋಫಾರ್ಮ್‌ನಲ್ಲಿ ಮಂಪರಿಗೂ ಸಾವಿಗೂ ಅಂತರ ಕಮ್ಮಿ. ಮೂರು ಕೆಜಿ ಬೆಕ್ಕಿಗೆ ಒಂಚೂರು ಜಾಸ್ತಿ ಆದ್ರೂ ಹೃದಯ ನಿಂತುಹೋಗಬಹುದು.

ಇಲ್ಲಿ ನೀವು ನೆನಪಿಟ್ಟುಕೊಳ್ಳಬೇಕಾದ ಹೆಸರು ಫ್ರೆಡರಿಕ್ ಹಾಬ್ಡೇ. ಲಂಡನ್‌ನ ಅದೇ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದವರು. ನಾಯಿ, ಬೆಕ್ಕಿಗೂ ಸುರಕ್ಷಿತವಾಗಿ ಅರಿವಳಿಕೆ ಕೊಡಬಹುದು ಅಂತ ಹಠ ಹಿಡಿದು ಕೆಲಸ ಮಾಡಿದರು. 1900ರಲ್ಲಿ ನಾಯಿ, ಬೆಕ್ಕುಗಳ ಶಸ್ತ್ರಚಿಕಿತ್ಸೆಗೇ ಮೀಸಲಾದ ಪುಸ್ತಕ ಬರೆದರು. 1915ರಲ್ಲಿ ಪ್ರಾಣಿಗಳ ಅರಿವಳಿಕೆ ಬಗ್ಗೆ ಇನ್ನೊಂದು. 1919ರಲ್ಲಿ ಬ್ರಿಟನ್ ಕಾನೂನೇ ತಂತು: ಪ್ರಾಣಿಗಳಿಗೆ ಕೆಲವು ಆಪರೇಷನ್‌ಗಳನ್ನು ಅರಿವಳಿಕೆ ಕೊಡದೆ ಮಾಡೋ ಹಾಗಿಲ್ಲ. ತಮಾಷೆ ಏನು ಗೊತ್ತಾ? ಹಾಬ್ಡೇ ಹೆಸರು ಇವತ್ತಿಗೂ ಉಳಿದಿರೋದು ಕುದುರೆಯ ಗಂಟಲಿಗೆ ಮಾಡುವ ಒಂದು ಆಪರೇಷನ್‌ನಲ್ಲಿ! ಲೋಕ ನೆನಪಿಟ್ಟುಕೊಳ್ಳೋದೂ ಬೆಲೆ ನೋಡಿಯೇ.

ಅಷ್ಟೊತ್ತಿಗೆ ರಸ್ತೆಗೆ ಕಾರು, ಲಾರಿ ಬಂದಿದ್ದವು. ಪಟ್ಟಣದಲ್ಲಿ ಕುದುರೆ ಕಡಿಮೆಯಾದ ಹಾಗೆ ಕುದುರೆ ಡಾಕ್ಟರುಗಳ ಆದಾಯವೂ ಕಡಿಮೆಯಾಯ್ತು. ಮಧ್ಯಮ ವರ್ಗದ ಮನೆಗಳಲ್ಲಿ ನಾಯಿ, ಬೆಕ್ಕು ಇದ್ದವು, ಫೀಸು ಕೊಡೋ ಕೈಯೂ ಇತ್ತು. ಪೇಷೆಂಟ್ ಬದಲಾಗಿದ್ದು ಹೀಗೆ. ಬಡವರ ಕಥೆ ಬೇರೆ. 1917ರಲ್ಲಿ ಮರಿಯಾ ಡಿಕಿನ್ ಅನ್ನೋ ಮಹಿಳೆ ಲಂಡನ್ನಿನ ಬಡವರ ಪ್ರದೇಶ ವೈಟ್‌ಚಾಪೆಲ್‌ನ ಒಂದು ನೆಲಮಾಳಿಗೆಯಲ್ಲಿ ಪ್ರಾಣಿಗಳಿಗೆ ಉಚಿತ ಚಿಕಿತ್ಸೆ ಶುರು ಮಾಡಿದರು. ಕಾಸಿಲ್ಲದವರೂ ತಮ್ಮ ನಾಯಿ, ಬೆಕ್ಕನ್ನ ಎತ್ಕೊಂಡು ಬರೋ ಜಾಗ ಒಂದಾಯ್ತು.

ಸರಿ, ಮಾಲೀಕನಿಗೆ ಕಾಸಿಲ್ಲದಿದ್ದರೆ ದಾನ. ಮಾಲೀಕನೇ ಇಲ್ಲದಿದ್ದರೆ? ಈ ಪ್ರಶ್ನೆಗೆ ಉತ್ತರ ಹುಡುಕಬೇಕಾಗಿದ್ದು ನಮ್ಮ ದೇಶ. ಊರ ತುಂಬ ಬೀದಿನಾಯಿ ಆದಾಗ ಕಾರ್ಪೊರೇಷನ್‌ಗಳು ಅವನ್ನ ಹಿಡಿದು ಕೊಲ್ಲುತ್ತಿದ್ದವು. ಕೊಂದಷ್ಟೂ ಹೊಸವು ಬರ್ತಿದ್ದವು. ಮದ್ರಾಸಿನ ಬ್ಲೂ ಕ್ರಾಸ್ ಸಂಸ್ಥೆ 1960ರ ದಶಕದಲ್ಲೇ, ಕೊಲ್ಲೋ ಬದಲು ಸಂತಾನಹರಣ ಆಪರೇಷನ್ ಮಾಡಿ ಅನ್ನೋ ವಾದ ಮುಂದಿಟ್ಟಿತು. ಆ ನಗರದ ಆಡಳಿತ ಅದನ್ನ ಒಪ್ಪಿದ್ದು 1990ರ ದಶಕದಲ್ಲಿ. 2001ರಲ್ಲಿ ದೇಶಕ್ಕೆಲ್ಲ ಎಬಿಸಿ ನಿಯಮ ಬಂತು, 2023ರಲ್ಲಿ ಅದರ ಹೊಸ ರೂಪ. ನಾಯಿಯನ್ನ ಹಿಡಿದು, ಆಪರೇಷನ್ ಮಾಡಿ, ರೇಬಿಸ್ ಲಸಿಕೆ ಹಾಕಿ, ಸಾಮಾನ್ಯವಾಗಿ ಹಿಡಿದ ಜಾಗಕ್ಕೇ ತಂದು ಬಿಡಬೇಕು. ಗುರುತಿಗೆ ಅರಿವಳಿಕೆಯಲ್ಲಿ ಇರುವಾಗಲೇ ಕಿವಿಯ ತುದಿ ಸ್ವಲ್ಪ ಕತ್ತರಿಸ್ತಾರೆ.

ನಮ್ಮ ಬೀದಿಯ ಟೀ ಅಂಗಡಿ ಮುಂದೆ ಮಲಗೋ ನಾಯಿಯ ಕಿವಿ ನೋಡಿ ನಾನು ಬಹಳ ದಿನ, ಯಾವುದೋ ಜಗಳದಲ್ಲಿ ಹರಿದಿರಬೇಕು ಅಂದ್ಕೊಂಡಿದ್ದೆ. ಅದು ಒಂದು ಆಪರೇಷನ್‌ನ ರಸೀದಿ ಅಂತ ಈಗ ಗೊತ್ತು. ಯಾರ ಮನೆಯ ಲೆಕ್ಕಕ್ಕೂ ಸೇರದ ಆ ನಾಯಿಗೆ ಆಗಿದ್ದೂ ಹೊಟ್ಟೆ ತೆರೆದು ಮಾಡುವ ಆಪರೇಷನ್ನೇ. ನಾಯಿ ಕಚ್ಚಿದವರ ಕಷ್ಟ ಸಣ್ಣದಲ್ಲ, ಜಗಳ ಕೋರ್ಟ್ ತನಕ ಹೋಗಿದೆ. ಸಿಟ್ಟು ಬರೋದು ಸಹಜ. ಅದಕ್ಕೇ ಈ ಆಪರೇಷನ್‌ಗಳು ಅರ್ಧಕ್ಕೆ ನಿಲ್ಲಬಾರದು. ಒಂದು ಏರಿಯಾದ ಬಹುಪಾಲು ನಾಯಿಗಳಿಗೆ ಆಗದಿದ್ದರೆ, ಉಳಿದವು ಮರಿ ಹಾಕಿ ಲೆಕ್ಕ ಮತ್ತೆ ಮೊದಲಿಗೇ ಬರುತ್ತೆ.

ಚಿನ್ನಿಯ ಹೊಲಿಗೆ ಬಿಚ್ಚಿದ ದಿನ ಅಪ್ಪನೇ ಫೋನ್ ಮಾಡಿದ್ರು. "ಹೆಂಗಿದೆ ನಿನ್ ಬೆಕ್ಕು?" ಚೆನ್ನಾಗಿದೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ್ರು: "ನಾನು ಸ್ಕೂಲಿಗೆ ಹೋಗ್ತಿದ್ದಾಗ ಕರಿಯ ಅಂತ ಒಂದು ನಾಯಿ ಇತ್ತು. ಗಾಡಿ ಚಕ್ರಕ್ಕೆ ಸಿಕ್ಕಿ ಕಾಲು ಮುರ್ಕೊಂಡಿತ್ತು. ಅವತ್ತೇ ದನದ ಡಾಕ್ಟ್ರು ನಮ್ಮನೆ ಹಸು ನೋಡೋಕೆ ಬಂದಿದ್ರು. ಕರಿಯ ಅಲ್ಲೇ ಹಟ್ಟಿ ಪಕ್ಕ ಬಿದ್ದಿತ್ತು. ನಾಯಿನೂ ನೋಡಿ ಅಂತ ಕೇಳೋಕೆ ನಿಮ್ ತಾತಂಗೆ ಸಂಕೋಚ ಆಯ್ತು. ನಾಯಿಗೆಲ್ಲ ಯಾರಾದ್ರೂ ಡಾಕ್ಟ್ರನ್ನ ಕೇಳ್ತಾರಾ ಅಂತ."

ಕರಿಯ ಏನಾಯ್ತು ಅಂತ ನಾನು ಕೇಳಲಿಲ್ಲ. ಅಪ್ಪನೂ ಹೇಳಲಿಲ್ಲ. ಮಾರನೇ ದಿನ ನನ್ನ ಅಕೌಂಟ್‌ಗೆ 5,000 ರೂಪಾಯಿ ಬಂದಿತ್ತು. ಯಾಕಪ್ಪ ಅಂತ ಮೆಸೇಜ್ ಹಾಕಿದೆ. "ಬೆಕ್ಕಿಂದು" ಅಂತ ಉತ್ತರ ಬಂತು.

ಇವತ್ತಿಗೆ ಇಷ್ಟೇ. ಮುಂದಿನ ವಾರ ಸಿಗೋಣ.