ಕರೆಂಟ್ ಹೋತು, ಗುರುತಿನ ಮಂದೀನೂ ಹೋದ್ರು

ಭಾಗ 1/3
ಮೊದಲನೇ ಫೋಟೋದಾಗ ಇರೋದು ನಮ್ಮ ಮಹಾಗಾಂವ ಕ್ರಾಸ್. ಕಲಬುರಗಿಯಿಂದ ಹುಮನಾಬಾದ್ ಕಡೆ ಹೋಗುವ ಬಸ್ ಇಳಿದು ಯಾರದೋ ಮನೆ ಹುಡುಕಬೇಕಂದ್ರೆ ನೀವು ಏನ್ ಮಾಡ್ತೀರಿ? ಚಹಾದಂಗಡಿಯಲ್ಲಿ ಕೇಳ್ತೀರಿ. ಅವರಿಗೆ ಗೊತ್ತಿಲ್ಲಂದ್ರೂ ಗೊತ್ತಿದ್ದವರನ್ನ ತೋರಿಸ್ತಾರ. ಮೊದಲ ಒಬ್ಬ ಮನುಷ್ಯ ಸಿಕ್ಕರೆ ಸಾಕು. ಕಂಪ್ಯೂಟರ್ ಕ್ರ್ಯಾಶ್ ಆದ ಮ್ಯಾಲೆ ನಿಮ್ಮ ಟೊರೆಂಟ್ ‘ಕನೆಕ್ಟಿಂಗ್’ ಅಂತ ತಾಸುಗಟ್ಟಲೆ ಕುಂತಿದ್ರೆ, ಬಹಳ ಸಲ ಅದಕ್ಕೆ ಆ ಒಬ್ಬ ಮನುಷ್ಯ ಸಿಕ್ಕಿರೋದಿಲ್ಲ.

1999ರಲ್ಲಿ ಶಾನ್ ಫ್ಯಾನಿಂಗ್ ನ್ಯಾಪ್‌ಸ್ಟರ್ ಮಾಡಿದಾಗ ಈ ತೊಂದರೆ ಇರಲಿಲ್ಲ. ಯಾರ ಹತ್ತಿರ ಯಾವ ಹಾಡು ಇದೆ ಅಂತ ಕಂಪನಿಯ ಸರ್ವರ್ ಹೇಳುತ್ತಿತ್ತು. ನಿಮ್ಮ ಕಂಪ್ಯೂಟರ್ ಸತ್ತು ಎದ್ದರೆ ಮತ್ತೆ ಅದೇ ಬಾಗಿಲು ತಟ್ಟಿದರಾಯ್ತು. ಆದರೆ ಬಾಗಿಲು ಒಂದೇ ಇದ್ದರೆ ಬೀಗ ಹಾಕೋದೂ ಸುಲಭ ನೋಡ್ರಿ. ಕೋರ್ಟ್ ಕೇಸಿನಿಂದ 2001ರ ಜುಲೈನಲ್ಲಿ ಅದು ನಿಂತಿತು.

ಭಾಗ 2/3
ಅದಕ್ಕೂ ಮೊದಲೇ, 2000ದ ಮಾರ್ಚ್‌ನಲ್ಲಿ, ನಲ್‌ಸಾಫ್ಟ್‌ನ ಜಸ್ಟಿನ್ ಫ್ರಾಂಕೆಲ್ ಮತ್ತು ಟಾಮ್ ಪೆಪ್ಪರ್ ಗ್ನುಟೆಲ್ಲಾ ಬಿಟ್ಟಿದ್ದರು. ಮಾಲೀಕ ಕಂಪನಿ ಎಒಎಲ್ ಮರುದಿನವೇ ತೆಗೆಸಿತು. ಅಷ್ಟರೊಳಗೆ ಪ್ರತಿಗಳು ಹರಡಿಬಿಟ್ಟಿದ್ದವು. ನಡುವೆ ಸರ್ವರೇ ಇಲ್ಲ. ಆದರೆ ಒಳಗೆ ಹೋಗಲು, ಈಗಾಗಲೇ ಒಳಗಿರುವ ಒಂದಾದರೂ ಕಂಪ್ಯೂಟರಿನ ವಿಳಾಸ ಬೇಕು! ಮಂದಿ ಚಾಟ್ ರೂಮುಗಳಲ್ಲಿ ವಿಳಾಸ ಬೇಡುತ್ತಿದ್ದರು. ಸಿಕ್ಕ ವಿಳಾಸಗಳನ್ನು ಒಂದು ಸಣ್ಣ ಫೈಲಿನಲ್ಲಿ ಬರೆದಿಡೋದು ರೂಢಿಯಾಯಿತು.

2002ರಲ್ಲಿ ಮೇಮುಂಕೋವ್ ಮತ್ತು ಮಾಜಿಯರ್ ‘ಕಡೆಮ್ಲಿಯಾ’ ಎಂಬ ವಿಧಾನ ಬರೆದರು. ಇದರಾಗಿನ ಒಂದು ಮಾತು ನನಗೆ ಭಾಳ ಸೇರ್ತದ: ಬಹಳ ಹೊತ್ತಿನಿಂದ ಆನ್‌ಲೈನ್ ಇರುವ ಕಂಪ್ಯೂಟರ್ ಇನ್ನೂ ಸ್ವಲ್ಪ ಹೊತ್ತು ಇರುವ ಸಾಧ್ಯತೆ ಹೆಚ್ಚು, ಹಾಗಾಗಿ ಹೊಸಬರಿಗಾಗಿ ಹಳೆಯ ಪರಿಚಯ ಬಿಡಬ್ಯಾಡ. ಇಮ್ಯೂಲ್ ಇದನ್ನು ಬಳಸಿತು. 2005ರಲ್ಲಿ ಬಿಟ್‌ಟೊರೆಂಟ್‌ಗೂ ಬಂತು. ಆ ಪರಿಚಯದ ಪಟ್ಟಿ ಇಮ್ಯೂಲ್‌ನಲ್ಲಿ ‘ನೋಡ್ಸ್ ಡಾಟ್ ಡ್ಯಾಟ್’, ಮ್ಯೂಟೊರೆಂಟ್‌ನಲ್ಲಿ ‘ಡಿಎಚ್‌ಟಿ ಡಾಟ್ ಡ್ಯಾಟ್’. ಅದನ್ನು ಬರೆಯುವ ಹೊತ್ತಿಗೇ ಕರೆಂಟ್ ಹೋದರೆ ಫೈಲ್ ಕೆಡಬಹುದು, ಕೆಲವೊಮ್ಮೆ ಹೆಸರಷ್ಟೇ ಉಳಿದು ಒಳಗೆ ಖಾಲಿ.

ಭಾಗ 3/3
ಗುಲ್ಬರ್ಗಾ ಇನ್ನೂ ಕಲಬುರಗಿ ಆಗಿರಲಿಲ್ಲ. ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡಿನ ಒಂದು ಪ್ಲಾನಿನಲ್ಲಿ ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಎಷ್ಟು ಇಳಿಸಿದರೂ ಲೆಕ್ಕಕ್ಕಿಲ್ಲ. ಅಲಾರಾಂ ಇಟ್ಟು ಎದ್ದವರು ಎಷ್ಟು ಮಂದಿ ಇದ್ದೀರಿ, ಕೈ ಎತ್ರಿ! ಬಾಡಿಗೆ ರೂಮಿನಲ್ಲಿ ಯುಪಿಎಸ್ ಇರಲಿಲ್ಲ. ಒಂದು ರಾತ್ರಿ 4ರ ಸುಮಾರಿಗೆ ಕರೆಂಟ್ ಹೋತು. ಮರಳಿ ಬಂದ ಮ್ಯಾಲೆ ಒಬ್ಬ ಪೀರೂ ಇಲ್ಲ.

ಈಗಾದರೆ ಹಿಂಗ ಮಾಡ್ತಿದ್ದೆ. ಪ್ರೋಗ್ರಾಂ ಹಿನ್ನೆಲೆಯಲ್ಲಿ ಇನ್ನೂ ಓಡ್ತಿದ್ದರೆ ಪೂರ್ತಿ ಮುಚ್ಚಿ, ಕೆಟ್ಟ ಪಟ್ಟಿಯನ್ನು ಬೇರೆ ಹೆಸರಿಗೆ ಬದಲಿಸಿ, ಮತ್ತೆ ತೆರೆಯೋದು. ಮ್ಯೂಟೊರೆಂಟ್‌ನಂಥವು ತಮಗೆ ಗೊತ್ತಿರುವ ಒಂದು ಸ್ಥಿರ ವಿಳಾಸ ಕೇಳಿ ಹೊಸ ಪಟ್ಟಿ ಕಟ್ಟಿಕೊಳ್ತಾವ. ಅದೇ ಅವುಗಳ ಚಹಾದಂಗಡಿ. ಇಮ್ಯೂಲ್‌ಗಾದರೆ ಹೊಸ ಪಟ್ಟಿ ನೀವೇ ತಂದು ಕೊಡಬೇಕಾಗಬಹುದು. ಆಮೇಲೆ ಕಂಪ್ಯೂಟರಿನ ಗಡಿಯಾರ: ಮದರ್‌ಬೋರ್ಡಿನ ಸೆಲ್ ಸತ್ತಿದ್ದರೆ ತಾರೀಖು ಹಿಂದಕ್ಕೆ ಹೋಗಿ ಸುರಕ್ಷಿತ ಟ್ರ್ಯಾಕರ್‌ಗಳು ಒಳಗೆ ಬಿಡೋದಿಲ್ಲ. ಆಮೇಲೆ ರೂಟರ್: ಅದು ನಿಮ್ಮ ಕಂಪ್ಯೂಟರಿಗೆ ಹೊಸ ಒಳವಿಳಾಸ ಕೊಟ್ಟಿದ್ದರೆ, ಪೋರ್ಟ್ ಇನ್ನೂ ಹಳೇ ಮನೆಗೇ ತೆರೆದಿರ್ತದ.

ಮತ್ತ, ಅರ್ಧ ಇಳಿದ ಫೈಲ್ ಮಾತ್ರ ಅಳಿಸಬ್ಯಾಡ್ರಿ. ಟೊರೆಂಟ್ ಫೈಲಿನಾಗ ಪ್ರತಿ ತುಣುಕಿನ ಬೆರಳಚ್ಚು ಇರ್ತದ. ‘ಫೋರ್ಸ್ ರೀಚೆಕ್’ ಒತ್ತಿದರೆ ಸರಿ ಇದ್ದದ್ದು ಉಳಿದು, ಕೆಟ್ಟ ತುಣುಕಷ್ಟೇ ಮತ್ತೆ ಬರ್ತದ. ನನಗಿದು ಆಗ ಗೊತ್ತಿರಲಿಲ್ಲ. ಫೈಲೇ ಕೆಟ್ಟಿದೆ ಅಂದುಕೊಂಡು, ಐದು ರಾತ್ರಿ ಎದ್ದು ಇಳಿಸಿದ್ದ ಲಿನಕ್ಸ್ ಡಿವಿಡಿಯನ್ನ ನನ್ನ ಕೈಯಾರೆ ಅಳಿಸಿ, ಮರುದಿನ ರಾತ್ರಿ 2ಕ್ಕ ಮತ್ತೆ ಅಲಾರಾಂ ಇಟ್ಟೆ.